ಮುಕ್ಕಾಲು ಕೇಜಿಯ ದಿಂಬು

ಯಾವ ಡಯಾಲಿಸಿಸ್ ಸೆಂಟರಿಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಯಂತ್ರವನ್ನಲ್ಲ, ಡಾಕ್ಟರನ್ನೂ ಅಲ್ಲ, ಮಂಚವನ್ನು. ಮುಷ್ಟಿ ಕಟ್ಟಿ ಹಾಸಿಗೆಯ ನಡುವೆ ಒಮ್ಮೆ ಒತ್ತುವರು. ಕೈ ತೆಗೆದು, ಬಿದ್ದ ಗುಂಡಿ ಮತ್ತೆ ಮೇಲೆ ಬರುವುದನ್ನು ನೋಡುತ್ತ ನಿಲ್ಲುವರು. ಆಮೇಲೆ ದಿಂಬನ್ನು ಎತ್ತಿ ಮೂಗಿಗೆ ಹಿಡಿಯುವರು. ಇಷ್ಟಾದ ಮೇಲೇ ಚಪ್ಪಲಿ ಬಿಡುತ್ತಿದ್ದದ್ದು. ಇದನ್ನು ನೂರಾರು ಸಲ ನೋಡಿದ್ದೇನೆ ಅನ್ನಿಸುತ್ತದೆ. ದಿನಚರಿ ತೆಗೆದು ನೋಡಿದರೆ ಅವರೂ ನಾವೂ ಒಂದೇ ಪಾಳಿಯಲ್ಲಿದ್ದದ್ದು ಏಳು ತಿಂಗಳು, ವಾರಕ್ಕೆ ಎರಡು ದಿನ. ನೂರೂ ಆಗುವುದಿಲ್ಲ. ಅವರ ವಿಷಯದಲ್ಲಿ ನನ್ನ ನೆನಪು ಎಲ್ಲವನ್ನೂ ಸ್ವಲ್ಪ ಹೆಚ್ಚಿಸಿಯೇ ಹೇಳುತ್ತದೆ. ಒಂದನ್ನು ಬಿಟ್ಟು. ಅದನ್ನು ಕಡಿಮೆ ಮಾಡಿ ಹೇಳುತ್ತದೆ.

ಅವರು ಮದ್ದೂರಿನಲ್ಲಿ ನಲವತ್ತು ವರ್ಷ ಹಾಸಿಗೆ ಹೊಲಿದವರು. ಹೆಸರು ಗೊತ್ತಿದೆ, ಬರೆಯುವುದಿಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಅವರು ಹಾಸಿಗೆ ಸಾಬರು, ನಮ್ಮವ್ವನಿಗೆ ಸಾಬಣ್ಣ. ಅವ್ವ ಅವರಿಗೆ ಗೌಡ್ತಮ್ಮ. ಅವ್ವನ ಮೂತ್ರಪಿಂಡಗಳನ್ನು ಸಕ್ಕರೆ ಕಾಯಿಲೆ ತಿಂದುಹಾಕಿದೆ. ಅವಳು ಹನಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ನಾನು ಮಂಡ್ಯದಲ್ಲಿದ್ದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಡಯಾಲಿಸಿಸ್ ದಿನ ಅಣ್ಣ ಅವಳನ್ನು ಆಟೋ ಹತ್ತಿಸುತ್ತಾನೆ, ಮಂಡ್ಯದ ಸೆಂಟರಿನ ಬಾಗಿಲಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ನಾಲ್ಕು ಗಂಟೆ ಅವಳ ಕಾಲ ಬಳಿ ಸ್ಟೂಲಿನ ಮೇಲೆ ಕೂರುತ್ತೇನೆ. ಪಕ್ಕದ ಮಂಚ ಅವರದಾಗಿತ್ತು.

ಅವರು ತೀರಿಕೊಂಡ ಸುದ್ದಿ ನಮಗೆ ಎರಡು ತಿಂಗಳು ತಡವಾಗಿ ತಿಳಿಯಿತು. ಡಯಾಲಿಸಿಸ್‌ಗೆ ಸರದಿ ಕಾಯುವ ಬೆಂಚಿನಲ್ಲಿ ಸಾವಿನ ಸುದ್ದಿ ಹೇಳುವ ವಾಡಿಕೆಯಿಲ್ಲ. ಗೋಡೆಯ ಬಿಳಿ ಬೋರ್ಡಿನಲ್ಲಿ ಒಂದು ಹೆಸರು ಒರೆಸಿರುತ್ತದೆ, ಮುಂದಿನ ವಾರ ಆ ಜಾಗದಲ್ಲಿ ಇನ್ನೊಂದು ಹೆಸರು. ಎಲ್ಲರೂ ನೋಡುತ್ತಾರೆ, ನೋಡಿ ಟಿ.ವಿ. ಕಡೆ ತಿರುಗುತ್ತಾರೆ. ಕೊನೆಕೊನೆಗೆ ಅವರು ಹೋಗುತ್ತಿದ್ದದ್ದು ಮಳವಳ್ಳಿಗೆ, ಹಾಗಾಗಿ ನಮಗೆ ಒರೆಸಿದ ಬೋರ್ಡೂ ಕಾಣಲಿಲ್ಲ. ಬಹಳ ದಿನ ಫೋನು ಬರಲಿಲ್ಲವೆಂದು ನಾನೇ ಮಾಡಿದೆ. ಅವರ ಮಗಳು ಎತ್ತಿಕೊಂಡು, “ಅಬ್ಬ ಇಲ್ಲ ಆಂಟಿ, ಎರಡು ತಿಂಗಳಾಯ್ತು” ಎಂದಳು.

ಅವರನ್ನು ನೆನೆದಾಗ ಮೊದಲು ಕೇಳುವುದು ತೂಕದ ಯಂತ್ರದ ಬಳಿಯ ಮಾತುಗಳು. ಮೂತ್ರಪಿಂಡ ಕೆಟ್ಟವರ ಮೈಯಲ್ಲಿ ಕುಡಿದ ನೀರು ಹೊರಗೆ ಹೋಗದೆ ನಿಲ್ಲುತ್ತದೆ. ಅದಕ್ಕೇ ಒಳಗೆ ಬಿಡುವ ಮೊದಲು ತೂಕ ನೋಡುತ್ತಾರೆ. ಡಾಕ್ಟರು ಗೊತ್ತುಮಾಡಿದ ತೂಕಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಯಂತ್ರ ನಾಲ್ಕು ಗಂಟೆಯಲ್ಲಿ ತೆಗೆಯಬೇಕು. ನೀರು ಕಡಿಮೆ ಕುಡಿಯಿರಿ ಎಂದು ಎಲ್ಲರಿಗೂ ಹೇಳಿರುತ್ತಾರೆ, ಎಲ್ಲರೂ ಕದ್ದು ಕುಡಿದಿರುತ್ತಾರೆ.

“ಗೌಡ್ತಮ್ಮ, ಭಾನ್ವಾರ ಏನ್ ಕುಡ್ದೆ?”

“ಎಲ್ಡು ಲೋಟ ನೀರು ಕಣಪ್ಪ, ಇನ್ನೇನೂ ಇಲ್ಲ.”

“ಎಲ್ಡು ಲೋಟಕ್ಕೆ ಮೂರು ಕೇಜಿ ಬತ್ತದಾ? ನಿಮ್ಮನೆ ಲೋಟ ವಸಿ ತೋರ್ಸು, ನಂಗೂ ಅಂತಾದ್ದೊಂದು ಬೇಕು.”

“ನೀನೇನ್ ಕಮ್ಮಿನಾ? ದಾರಿನಾಗೆ ಕಬ್ಬಿನಾಲು ಕುಡ್ದ್‌ಬಂದು ನಿಂತವ್ನೆ. ಮಿಸನ್ನು ಅಳ್ತಾ ಅದೆ ನೋಡು.”

“ಇದ್ರ ಮುಂದೆ ಸುಳ್ಳು ನಡೆಯಾಕಿಲ್ಲ ಕಣಮ್ಮ,” ಎಂದು ಅವರು ಇಳಿಯುತ್ತಿದ್ದರು.

ನಾನು ಸ್ಟೂಲಿನ ಮೇಲೆ ಕೂತು ಬರೆಯುವುದನ್ನು ಕಂಡು ಒಂದು ದಿನ ಏನು ಬರೆಯುತ್ತೀರಿ ಎಂದು ಕೇಳಿದರು. ಸುಮ್ಮನೆ, ದಿನದ್ದು ಎಂದೆ.

“ಸುಮ್ನೆ ಯಾಕೆ? ನಾನ್ ಏಳ್ತೀನಿ, ಬರ್ಕಳಿ ಮೇಡಮ್ಮೋರೆ. ಮೂರು ಊರಿನ ಸೆಂಟ್ರಲ್ಲೂ ಮಲ್ಗಿ ನೋಡಿರೋನು ಈ ಬೆಂಚಲ್ಲಿ ನಾನೊಬ್ನೇಯ.”

ಅವರಿಗೆ ಮಂಡ್ಯದಲ್ಲಿ ಜಾಗ ಸಿಗುವ ಮೊದಲು ಮದ್ದೂರಿನಲ್ಲಿ ಕೆಲವು ತಿಂಗಳು, ಮಳವಳ್ಳಿಯಲ್ಲಿ ಕೆಲವು ತಿಂಗಳು ಆಗಿತ್ತು. ಆ ದಿನದಿಂದ ನನ್ನ ದಿನಚರಿಯಲ್ಲಿ ಅವರ ವರದಿ ಸೇರತೊಡಗಿತು. ಯಾರಿಗೆ ಒಪ್ಪಿಸಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಹೇಳಿದ್ದನ್ನು ಹೆಚ್ಚುಕಡಿಮೆ ಹೇಳಿದ ಹಾಗೇ ಬರೆದಿಟ್ಟಿದ್ದೇನೆ.

ಮದ್ದೂರಿನದು ಮನೆಗೆ ಹತ್ತಿರ. ಆದರೆ ಅವರು ಇದ್ದಾಗ ಅಲ್ಲಿ ಮಂಚವಿರಲಿಲ್ಲ, ಒರಗುವ ಕುರ್ಚಿ. ಮೊದಲ ಗಂಟೆ ದರಬಾರಿನಲ್ಲಿ ಕೂತ ಹಾಗಿರುತ್ತದೆ, ಮೂರನೆಯ ಗಂಟೆಗೆ ಸೊಂಟ ನಮ್ಮದಲ್ಲ. ಕಿಟಕಿಯಾಚೆ ಒಂದು ಬೇವಿನ ಮರ. “ಮರಕ್ಕೆ ಎಲ್ಡು ಮಾರ್ಕು ಜಾಸ್ತಿ ಆಕ್ಕಳಿ.” ಮಳವಳ್ಳಿಯದು ಹೊಸ ಮಂಚ, ಹಿಡಿ ತಿರುಗಿಸಿದರೆ ತಲೆಯ ಭಾಗ ಏಳುತ್ತದೆ. ಸ್ಪಂಜು ಒಳ್ಳೆಯದು, ಒತ್ತಿದ ಗುಂಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೇಲೆ ಬರುತ್ತದೆ. ಎ.ಸಿ. ಅತಿಯಾಯಿತು, ಹೊದಿಕೆ ತೆಳು, ಜೊತೆಯವರನ್ನು ಒಳಗೆ ಬಿಡುವುದಿಲ್ಲ. ಮಂಚ ಕೊಟ್ಟ ಸುಖವನ್ನು ವಾಪಸು ಬರುವಾಗ ಬಸ್ಸು ಕಿತ್ತುಕೊಳ್ಳುತ್ತದೆ. ಮಂಡ್ಯದ್ದು ತೆಂಗಿನ ನಾರಿನ ಹಾಸಿಗೆ, ಮೇಲೆ ರೆಕ್ಸಿನ್. ನಡುವೆ ತಗ್ಗು, ಸೆಕೆಗೆ ಬೆನ್ನು ಅಂಟುತ್ತದೆ. ಆದರೆ ಕಕ್ಕಸು ಹತ್ತೇ ಹೆಜ್ಜೆ, ಜೊತೆಯವರು ಕಾಲ ಬಳಿ ಕೂರಬಹುದು. ಇನ್ನೊಂದು, ಇಲ್ಲಿಯ ಸಿಸ್ಟರು ಸೂಜಿ ಹಾಕುವ ಮೊದಲು “ಈಗ ಹಾಕ್ತೀನಿ” ಎಂದು ಹೇಳುತ್ತಾರೆ. ಅದನ್ನೂ ಸೌಕರ್ಯದ ಪಟ್ಟಿಗೆ ಸೇರಿಸಲು ಹೇಳಿದರು. “ಸೂಜಿ ಅದೇಯ. ಏಳಿ ಚುಚ್ಚದು ಬ್ಯಾರೆ, ಏಳ್ದೆ ಚುಚ್ಚದು ಬ್ಯಾರೆ.”

ಹಾಗಾದರೆ ಯಾವುದು ಚೆನ್ನಾಗಿದೆ ಎಂದು ಕೇಳಿದೆ.

“ಮಲ್ಗಿದ್ದು ನೆಪ್ಪೇ ಇರ್ಬಾರ್ದು, ಅದು ಒಳ್ಳೆ ಆಸ್ಗೆ. ನಂಗೆ ಮೂರೂ ನೆಪ್ಪವೆ.”

ಮೊದಲ ವಾಕ್ಯ ದಿನಚರಿಯಲ್ಲಿದೆ. ಎರಡನೆಯದು ಇಲ್ಲ. ಅವರು ಹೇಳಿದ್ದೋ, ನಾನು ಆಮೇಲೆ ಸೇರಿಸಿಕೊಂಡದ್ದೋ, ಈಗ ಕೇಳಲು ಯಾರೂ ಇಲ್ಲ.

ಅವರದೊಂದು ಕೈದಿಂಬು ಇತ್ತು, ನೀಲಿ ಚೌಕಳಿ ಬಟ್ಟೆಯದು, ಮೊಳಕ್ಕಿಂತ ಗಿಡ್ಡ. ಸೂಜಿ ಹಾಕಿದ ತೋಳನ್ನು ನಾಲ್ಕು ಗಂಟೆ ಅಲುಗಿಸಬಾರದು. ಅವರು ಆ ದಿಂಬಿನ ಮೇಲೆ ಎಡಗೈ ಇಟ್ಟರೆ ಮುಗಿಯಿತು, ಕೈಯನ್ನು ಮರೆತುಬಿಡುತ್ತಿದ್ದರು. ಅವ್ವನ ಕೈ ಹಾಸಿಗೆಯ ತಗ್ಗಿಗೆ ಜಾರುತ್ತಿತ್ತು, ಅವಳು ಮತ್ತೆ ಮತ್ತೆ ಮುಲುಗುತ್ತಿದ್ದಳು. ಎರಡು ಮೂರು ವಾರ ನೋಡಿದರು. ಆಮೇಲೆ ಒಂದು ದಿನ ಹಳದಿ ಹೂವಿನ ಬಟ್ಟೆಯ ದಿಂಬು ತಂದು ಅವಳ ಮಂಚದ ಮೇಲೆ ಇಟ್ಟರು.

ಅವ್ವ ಎತ್ತಿ ನೋಡಿದಳು. “ಇದೇನ್ ಸಾಬಣ್ಣ, ಇಟ್ಟಿಗೆ ಅಂಗದೆ. ಬೂರುಗದತ್ತಿ ಸಿಗ್ನಿಲ್ವಾ?”

“ಬೂರುಗ ತಲೆಗೆ ಕಣಮ್ಮ. ಕೈ ಕೆಳ್ಗೆ ಮಡಗಿದ್ರೆ ಇಳ್ದೋಯ್ತದೆ. ಇದು ನಾಡತ್ತಿ, ಗಟ್ಟಿಯಾಗಿ ತುಂಬಿವ್ನಿ. ಮುಕ್ಕಾಲು ಕೇಜಿ.”

ಹತ್ತಿಯ ತೂಕ ಅವರು ಯಾವಾಗಲೂ ಹೇಳುತ್ತಿದ್ದರು. ಮದುವೆ ಹಾಸಿಗೆ ಇಷ್ಟು ಕೇಜಿ, ಬಾಣಂತಿ ಹಾಸಿಗೆ ಇಷ್ಟು ಎಂದು. ಆ ದಿನ ಅದು ಬರೀ ವೃತ್ತಿಯ ಮಾತಾಗಿ ಕೇಳಿಸಿತ್ತು.

ತೂಕದ ಯಂತ್ರ ಹತ್ತುವ ಮೊದಲು ಅವ್ವನ ಕೈಯಿಂದ ಶಾಲು, ಚೀಲ, ನೀರಿನ ಬಾಟಲಿ ಎಲ್ಲವನ್ನೂ ತೆಗೆದುಕೊಳ್ಳುವುದು ನನ್ನ ಕೆಲಸ. ಸೆಂಟರಿನಲ್ಲಿ ನನಗಿರುವ ಕೆಲಸ ಅದೊಂದೇ. ದಿಂಬು ಬಂದ ಮೂರನೆಯ ವಾರದ ಒಂದು ದಿನ ನಾನು ಹೀಗೆ ಬರೆದಿದ್ದೇನೆ: “ಬೆಳಿಗ್ಗೆ ಕಾಲೇಜಿನಿಂದ ಫೋನು, ಪರೀಕ್ಷೆಯ ಡ್ಯೂಟಿ ಬದಲು. ಅವ್ವನಿಗೆ ಬಿ.ಪಿ. ಇಳಿಯಿತು. ದಿಂಬು ತೂಕಕ್ಕೆ ಸೇರಿಹೋಗಿತ್ತು.” ನನ್ನ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ. ದಿಂಬು ತಾನಾಗಿ ನಡೆದು ಹೋಗಿ ತೂಕಕ್ಕೆ ಸೇರಿಕೊಂಡ ಹಾಗಿದೆ.

ಆದದ್ದು ಇಷ್ಟು. ಅವ್ವ ದಿಂಬನ್ನು ಶಾಲಿನೊಳಗೆ ಅವುಚಿಕೊಂಡು ಯಂತ್ರದ ಮೇಲೆ ನಿಂತಳು. ಬಂದ ಅಂಕಿಯನ್ನು ಬರೆದುಕೊಂಡರು. ಯಂತ್ರ ಅವಳ ಮೈಯಿಂದ ತೆಗೆಯಬೇಕಾದ್ದಕ್ಕಿಂತ ಮುಕ್ಕಾಲು ಕೇಜಿ ಹೆಚ್ಚು ನೀರು ತೆಗೆಯಿತು. ಮೂರನೆಯ ಗಂಟೆಯಲ್ಲಿ ಅವಳ ಮೀನಖಂಡ ಹಿಡಿದುಕೊಂಡಿತು. ಕೂಗಿದಳು. ಮರುಕ್ಷಣ ಮುಖ ಬೂದಿಯಾಗಿ ಬೆವರು ಇಳಿಯಿತು, ಕಣ್ಣು ಮೇಲಕ್ಕೆ ಹೋಯಿತು. ಸಿಸ್ಟರು ತಲೆಯ ಕಡೆ ತಗ್ಗಿಸಿ ಸಲೈನ್ ಬಿಟ್ಟರು. ಅರ್ಧ ಗಂಟೆಯ ಮೇಲೆ ಅವಳು ನನ್ನ ಗುರುತು ಹಿಡಿದಳು.

ಮುಗಿದ ಮೇಲೆ ತೂಕ ನೋಡಿದರೆ ಇರಬೇಕಾದ್ದಕ್ಕಿಂತ ಕಡಿಮೆ. ಬೆಳಿಗ್ಗೆ ಹತ್ತಿದಾಗ ಅಜ್ಜಿಯ ಕೈಯಲ್ಲಿ ಏನಿತ್ತು ಎಂದು ಸಿಸ್ಟರು ಒಳಗೆ ಬಂದು ಕೇಳಿದರು. ಎಲ್ಲರೂ ದಿಂಬಿನ ಕಡೆ ನೋಡಿದರು.

ಪಕ್ಕದ ಮಂಚದಿಂದ ಅವರು ಹೇಳಿದರು, “ನಂದೇ ತಪ್ಪು ಸಿಸ್ಟ್ರೇ. ಚಳಿಗೆ ಅವುಚ್ಕೊಂಡೇ ನಿಂತ್ಕಾ ಅಂದೋನು ನಾನೇಯ.”

ಅದು ಸುಳ್ಳು. ಅವ್ವ ತೂಕಕ್ಕೆ ನಿಂತಾಗ ಅವರು ಸೂಜಿ ಹಾಕಿಸಿಕೊಂಡು ಮಲಗಿಯಾಗಿತ್ತು, ತೂಕದ ಯಂತ್ರ ಇರುವುದು ಬಾಗಿಲಾಚೆ. ಅವರಿಗೆ ಅಲ್ಲಿಂದ ಏನೂ ಕಾಣುವುದಿಲ್ಲ. ಕಂಡಿದ್ದರೆ ಸಿಸ್ಟರು ಕೇಳಿದಾಗಿನ ನನ್ನ ಮುಖ ಕಂಡಿರಬೇಕು.

ಹೊರಗಿನ ದಿಂಬು ಇನ್ನು ಬೇಡ, ಯಾರದ್ದೂ ಬೇಡ ಎಂದು ಸಿಸ್ಟರು ಹೇಳಿದರು. ಅವರ ನೀಲಿ ದಿಂಬನ್ನೂ ಅವರ ಕೈಗೆ ಕೊಟ್ಟರು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡರು. ನಾನು ಅವ್ವನ ಶಾಲು ಮಡಿಸುತ್ತ ನಿಂತೆ.

ಆ ಬೆಳಗಿನದು ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವ್ವ ದಿಂಬನ್ನು ಆಟೋದಿಂದಲೇ ಶಾಲಿನೊಳಗೆ ಇಟ್ಟುಕೊಂಡು ಬಂದಿದ್ದಾಳೆ, ನನಗೆ ಗೊತ್ತೇ ಇಲ್ಲ. ಇನ್ನೊಂದರಲ್ಲಿ ದಿಂಬು ನನ್ನ ಕಂಕುಳಲ್ಲಿದೆ, ಫೋನು ಬರುತ್ತದೆ, ಕೈ ಬಿಡುವು ಮಾಡಿಕೊಳ್ಳಲು ದಿಂಬನ್ನು ಅವಳ ಕೈಗೆ ಕೊಡುತ್ತೇನೆ. ಎರಡನೆಯದರಲ್ಲಿ ಹೊಸ ಬಟ್ಟೆಯ ಗಂಜಿಯ ಒರಟು ಕೂಡ ಬೆರಳಿಗೆ ಗೊತ್ತಾಗುತ್ತದೆ. ವಿವರ ಇದೆಯೆಂದು ನೆನಪು ನಿಜವಾಗುವುದಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅಂದು ಸುಮ್ಮನೆ ನಿಂತಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಅನುಮಾನಗಳು ಆಮೇಲೆ ಬಂದವು, ಅನುಕೂಲ ನೋಡಿಕೊಂಡು.

ಆಟೋ ಹತ್ತುವಾಗ ಅವ್ವ, “ನಂಗೆ ಸಾಕು ಕಣವ್ವ” ಎಂದಳು. ದಣಿವಿನ ಮಾತು ಅಂದುಕೊಂಡೆ. ಮುಂದಿನ ಸರದಿಯ ದಿನ ಅಣ್ಣ ಫೋನು ಮಾಡಿದ, “ಎದ್ ಬರಾಕಿಲ್ಲ ಅಂತಾಳೆ ಕಣಮ್ಮಿ. ಎಷ್ಟೇಳಿದ್ರೂ ಅಷ್ಟೇಯ.” ಎರಡು ಸರದಿ ತಪ್ಪಿದರೆ ನೀರು ಎದೆಗೇರುತ್ತದೆ. ಅದು ಬೆಂಚಿನಲ್ಲಿ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಹಟದಲ್ಲಿ ಹೇಳುತ್ತಿರಲಿಲ್ಲ, ನಿರ್ಧರಿಸಿ ಹೇಳುತ್ತಿದ್ದಳು. ನಾನು ಸೆಂಟರಿಗೆ ಒಬ್ಬಳೇ ಹೋಗಿ ತಿಳಿಸಿದೆ. ಅವರು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡರು. ಕೈ ಕೆಳಗೆ ಮಡಿಸಿದ ಟವಲು ಇತ್ತು. ಹನಕೆರೆಯಲ್ಲಿ ಇಳಿದರೆ ನಿಮ್ಮೂರಿಗೆ ಆಟೋ ಸಿಗುತ್ತದಾ ಎಂದಷ್ಟೇ ಕೇಳಿದರು.

ಮರುದಿನ ಬೆಳಿಗ್ಗೆಯ ಪ್ಯಾಸೆಂಜರ್ ರೈಲಿನಲ್ಲಿ ಬಂದರು. ನಾನು ರಜೆ ಹಾಕಿ ಊರಿನಲ್ಲಿದ್ದೆ. ಅವ್ವ ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದಳು.

“ಏಳು ಗೌಡ್ತಮ್ಮ. ನಿನ್ ಆಸ್ಗೆ ನೋಡ್ಬೇಕು.”

ಅವಳು ಏಳಲೇಬೇಕಾಯಿತು. ಅವರು ಮುಷ್ಟಿ ಒತ್ತಿ ನೋಡಿದರು. ಗುಂಡಿ ಮೇಲೆ ಬರಲಿಲ್ಲ. “ಇದ್ರ ಮೇಲೆ ಮಲ್ಗೋರ್ಗೆ ಬದುಕ್ಬೇಕು ಅಂತ ಎಂಗನ್ನುಸ್ತದೆ?” ಎಂದು ಹೊಲಿಗೆ ಬಿಚ್ಚಿಸಿದರು. ಹತ್ತಿಯನ್ನೆಲ್ಲ ಅಂಗಳದ ಚಾಪೆಯ ಮೇಲೆ ಹರಡಿಸಿದರು. ಅದನ್ನು ಬಡಿಯುವ ಶಕ್ತಿ ಅವರ ತೋಳಿನಲ್ಲಿ ಉಳಿದಿರಲಿಲ್ಲ. ಎರಡು ಕೋಲು ನನ್ನ ಕೈಗೆ ಕೊಟ್ಟರು. “ಒಡೀರಿ ಮೇಡಮ್ಮೋರೆ. ಪಾಠ ಮಾಡ್ದಂಗೆ ಮೆತ್ಗೆ ಅಲ್ಲ, ಜೋರಾಗಿ.” ತಾವು ಜಗಲಿಯ ಮೇಲೆ ಕೂತು ಬಲಗೈಯಿಂದ ಹತ್ತಿಯ ಗಂಟು ಬಿಡಿಸತೊಡಗಿದರು. ಅವ್ವ ಪಕ್ಕದಲ್ಲಿ ಕಂಬಕ್ಕೆ ಒರಗಿದಳು.

“ಬರಾಕಿಲ್ಲ ಅಂದ್ಯಂತೆ.”

“ಸಾಕಾಗೋಯ್ತು ಸಾಬಣ್ಣ. ಎಷ್ಟ್ ದಿನ ಅಂತ.”

“ಮಂಡ್ಯ ಬ್ಯಾಡ್ದಿದ್ರೆ ಮಳವಳ್ಳಿಗೆ ಕೇಳನ. ಮಂಚ ಚೆಂದಾಗದೆ. ಇಲ್ಲ ಮದ್ದೂರು. ಬೇವಿನ ಮರ ಅದೆ.”

“ಸಾಯೋಳ್ಗೆ ಬೇವಿನ್ ಮರ ಕಟ್ಕೊಂಡು ಏನು?”

“ಸಾಯದು ಒಂದ್ ಗಳ್ಗೆ ಕಣಮ್ಮ. ನಾನ್ ಏಳ್ತಿರದು ನಾಕ್ ಗಂಟೆ ಮಾತು.”

ಅವ್ವ ನಕ್ಕಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು. ಅವರು ನಗಲಿಲ್ಲ. ಗಂಟು ಬಿಡಿಸುತ್ತಲೇ ಹೇಳಿದರು:

“ನೋಡು ಗೌಡ್ತಮ್ಮ, ನಲ್ವತ್ತೊರ್ಸ ಆಸ್ಗೆ ಒಲ್ದಿವ್ನಿ. ನನ್ ಆಸ್ಗೆಯಿಂದ ಎದ್ದು ಸೊಂಟ ನೋವು ಅಂದೋರಿಲ್ಲ. ಈಗ ನನ್ ದಿಂಬು ಒಂದ್ ಜೀವ ತಕ್ಕೊಂತು ಅಂತಾದ್ರೆ ನಾನು ಮದ್ದೂರ್‌ನಾಗೆ ಮಕ ಎತ್ಕೊಂಡು ತಿರ್ಗದೆಂಗೆ? ನಿಂಗೋಸ್ಕರ ಬ್ಯಾಡ. ನಂಗೋಸ್ಕರ ಬಾ.”

ನನ್ನ ಕೋಲುಗಳು ನಿಂತವು. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು ಎಂದು ನಂಬಿದ್ದೇನೆ. ಅವರು ತಲೆ ಎತ್ತಿ ನೋಡಿದರು.

“ನಿಲ್ಲಿಸ್‌ಬ್ಯಾಡಿ ಮೇಡಮ್ಮೋರೆ. ಗಂಟು ಅಂಗೇ ಉಳ್ದೋಯ್ತದೆ.”

ಬಾಯಿ ಮುಚ್ಚಿಕೊಂಡಿರು ಎಂದದ್ದೋ, ಹತ್ತಿಯ ಚಿಂತೆಯೋ, ನನಗೆ ಈಗಲೂ ಗೊತ್ತಿಲ್ಲ. ನಾನು ಬಡಿದೆ. ಆಗ ನಿಜ ಹೇಳಿದ್ದರೆ ಅವ್ವ ವಾಪಸು ಬರಲು ಇದ್ದ ಒಂದೇ ಕಾರಣ ಕೆಡುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇದೆ. ನನ್ನ ತಪ್ಪು ಮುಚ್ಚಿಕೊಳ್ಳಲು ಬೇಕಾದ ಲೆಕ್ಕಗಳು ನನಗೆ ಯಾವಾಗಲೂ ಸರಿಯಾಗಿಯೇ ಬರುತ್ತವೆ.

ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ತುಂಬಿಯಾಯಿತು. ಅವರು ಬಲಗೈಯಿಂದ ಉದ್ದ ಸೂಜಿ ಹಾಕಿದರು, ಅವ್ವ ಬಟ್ಟೆ ಎಳೆದು ಹಿಡಿದುಕೊಂಡಳು. ಅವಳು ಬರುತ್ತೇನೆ ಎಂದು ಹೇಳಲಿಲ್ಲ. ಮುಂದಿನ ಸರದಿಗೆ ಆಟೋದಿಂದ ಇಳಿದಳು.

ಅದಾದ ಮೇಲೆ ನಾಲ್ಕು ತಿಂಗಳು ಅವರು ಮಂಡ್ಯದಲ್ಲೇ ಇದ್ದರು. ಕೈ ಕೆಳಗೆ ಟವಲು. ಅದು ಜಾರುತ್ತಿತ್ತು, ಇನ್ನೊಂದು ಕೈಯಿಂದ ಎಳೆದುಕೊಳ್ಳುತ್ತಿದ್ದರು. ಕೈ ಮರೆಯುವುದು ಅವರಿಂದ ಇನ್ನು ಆಗಲಿಲ್ಲ. ತೂಕ ಆದ ಮೇಲೆ ದಿಂಬು ಒಳಗೆ ತರಬಹುದೇ ಎಂದು ಸಿಸ್ಟರನ್ನು ಕೇಳಿ ಎಂದರೆ, “ಸುಮ್ಕಿರಿ” ಎನ್ನುತ್ತಿದ್ದರು. ನಾನೇ ಕೇಳಬಹುದಿತ್ತು. ಕೇಳಲು ಹೋದರೆ ಆ ದಿನದ ಮಾತು ಮತ್ತೆ ಏಳುತ್ತಿತ್ತು.

ಆಮೇಲೆ ಮಳವಳ್ಳಿಗೆ ಜಾಗ ಬದಲಿಸಿಕೊಂಡರು. ಮಂಚಕ್ಕೋಸ್ಕರ ಎಂದು ಎಲ್ಲರಿಗೂ ಹೇಳಿದರು. ಅಲ್ಲಿಂದ ಫೋನು ಮಾಡಿ ವರದಿ ಕೊಡುತ್ತಿದ್ದರು. ಎ.ಸಿ. ಕಡಿಮೆ ಮಾಡಿದ್ದಾರೆ, ಬರ್ಕಳಿ. ಹೊದಿಕೆ ಬದಲಾಗಿದೆ, ಬರ್ಕಳಿ. ಅಲ್ಲಿ ಹೊರಗಿನ ದಿಂಬು ಬಿಡುತ್ತಾರಾ ಎಂದು ಒಮ್ಮೆ ಕೇಳಿದೆ.

“ಬುಡ್ತಾರೆ. ಬರ್ಕಳಿ.”

ಬರೆದುಕೊಂಡೆ. ಆ ಸಲವೋ ಇನ್ನೊಂದು ಸಲವೋ, “ಅವತ್ತು ತೂಕದ ದಿನ...” ಎಂದು ಶುರುಮಾಡಿದೆ. ಬಸ್ಸಿನ ಸದ್ದು, ಏನೂ ಕೇಳಿಸುತ್ತಿಲ್ಲ ಎಂದರು. ಬಸ್ಸಿನ ಸದ್ದು ನನಗೆ ಕೇಳಿಸಿದ ನೆನಪಿಲ್ಲ.

ಅವರ ಮಗಳ ಜೊತೆ ಮಾತಾಡಿದ ಭಾನುವಾರವೇ ಊರಿಗೆ ಹೋಗಿ ಅವ್ವನಿಗೆ ಸುದ್ದಿ ಹೇಳಿದೆ. ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು. ಬೆಂಚಿನ ಅಭ್ಯಾಸ, ಹೇಗೆ ಏನು ಎಂದು ಕೇಳಲಿಲ್ಲ. ನಾನು ಉಳಿದದ್ದನ್ನೂ ಹೇಳಿದೆ.

“ಅವ್ವ, ಅವತ್ತು ಆ ದಿಂಬನ್ನ ನಿನ್ ಕೈಗೆ ಕೊಟ್ಟೋಳು ನಾನು. ಫೋನ್ ಬಂತು ಅಂತ.”

“ಇಸ್ಕೊಂಡೋಳು ನಾನಲ್ವಾ?” ಎಂದಳು. “ನಂಗೊತ್ತಿಲ್ವಾ?”

ಎರಡು ನೆನಪುಗಳಲ್ಲಿ ಒಂದು ಅಲ್ಲಿಗೆ ಮುಗಿಯಿತು.

“ಮತ್ತೆ ಸಾಬಣ್ಣ ಇಲ್ಲಿಗೆ ಬಂದು ನನ್ ದಿಂಬು ಅಂದಾಗ ಯಾಕೆ ಸುಮ್ನಿದ್ದೆ?”

“ಇನ್ನೇನ್ ಮಾಡ್ಲಿ? ಸೂಜಿ ಚುಚ್ಚುಸ್ಕೊಂಡ ಕೈಯಾಗೆ ರೈಲತ್ಕೊಂಡು ಬಂದು, ನನ್ ಜಗ್ಲಿ ಮ್ಯಾಲೆ ಕುಂತ್ಕೊಂಡು ಸುಳ್ಳೇಳ್ತಾವ್ನೆ. ಅಷ್ಟ್ ದೂರದಿಂದ ಸುಳ್ಳೇಳಕ್ಕೆ ಬಂದೋನ್ಗೆ ಇಲ್ಲ ಅನ್ನದೆಂಗೆ? ಅದ್ಕೇ ಎದ್ಬಂದೆ.”

“ನಂಗಾದ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ.”

“ನೀನ್ ಏಳ್ತೀಯೇನೋ ಅಂತ ನೋಡ್ತಿದ್ದೆ,” ಎಂದು ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು.

ಮಾರನೆಯ ದಿನ ಅವಳ ಸರದಿ. ತೂಕದ ಯಂತ್ರದ ಬಳಿ ಶಾಲು ಕೊಟ್ಟಳು, ಚೀಲ ಕೊಟ್ಟಳು, ಬಾಟಲಿ ಕೊಟ್ಟಳು. ನನ್ನ ಫೋನು ಬಡಿದುಕೊಳ್ಳುತ್ತಿತ್ತು, ತೆಗೆಯಲಿಲ್ಲ. ಅವಳು ಒಂದು ಕಾಲು ಮೇಲಿಟ್ಟು ನಿಂತು ನನ್ನ ಕಡೆ ತಿರುಗಿದಳು.

“ಎಲ್ಲ ಇಸ್ಕೊಂಡ್ಯಾ?”

“ಇಸ್ಕೊಂಡೆ” ಎಂದೆ.

ಹತ್ತಿದಳು.